ಕುರ್ಚಿ ಅಧ್ಯಕ್ಷೆಯದು, ಡಾಂಗಲ್ ಯಾರ ಡ್ರಾಯರ್‌ನಲ್ಲಿತ್ತು? ಒಂದು ಗ್ರಾಮ ಪಂಚಾಯಿತಿಯ ಪ್ರಕರಣ

ಸಂವಿಧಾನ ಬರೆದವರು ಏನಂದುಕೊಂಡಿದ್ದರು, ಈಗ ಸರ್ಕಾರ ಹೇಗೆ ನಡೆಯುತ್ತಿದೆ ಅನ್ನುವ ಮಾತು ಬಂದರೆ ಎಲ್ಲರೂ ದೆಹಲಿ ಕಡೆ ನೋಡುತ್ತಾರೆ. ರಾಜ್ಯಪಾಲರು, ಸುಗ್ರೀವಾಜ್ಞೆ, ಪಕ್ಷಾಂತರ, ಇವೇ. ನಾನು ನೋಡುವುದು ಗ್ರಾಮ ಪಂಚಾಯಿತಿ ಕಡೆ. ಸಂವಿಧಾನ ಸಭೆಯಲ್ಲಿ ಹಳ್ಳಿಯ ವಿಚಾರಕ್ಕೆ ಸುಮಾರು ಜೋರಾಗಿಯೇ ಜಗಳ ನಡೆದಿತ್ತು. ಆ ಜಗಳದ ಎರಡೂ ಕಡೆಯವರು ಹೇಳಿದ್ದನ್ನು ಇವತ್ತು ಒಂದೇ ಪಂಚಾಯಿತಿ ಕಟ್ಟಡದೊಳಗೆ ನೋಡಬಹುದು. ಇಬ್ಬರೂ ಊಹಿಸದೇ ಇದ್ದ ಒಂದು ಸಂಗತಿಯೂ ಅಲ್ಲೇ ಕಾಣುತ್ತದೆ.

ಇದು ಬಯಲುಸೀಮೆಯ ಒಂದು ಪಂಚಾಯಿತಿಯ ಪ್ರಕರಣ. ಊರು, ತಾಲ್ಲೂಕು, ಹೆಸರು ಯಾವುದನ್ನೂ ಕೊಡುವುದಿಲ್ಲ. ಗುರುತು ಹತ್ತುವಂಥ ಕೆಲವು ವಿವರ ಬದಲಿಸಿದ್ದೇನೆ. ನಾನು ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಪಾಠ ಮಾಡುವವನು. ಹಾಗಾಗಿ ಈ ಪಂಚಾಯಿತಿಯ ಕೆಲವು ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಉಳಿದದ್ದು ಅಲ್ಲಿನವರೇ ಹೇಳಿದ್ದು, ನಡಾವಳಿ ಪುಸ್ತಕದಲ್ಲಿ ಇರುವುದು.

ಮೊದಲು 1948ರ ಜಗಳ

ಇದು ಗೊತ್ತಿಲ್ಲದಿದ್ದರೆ ಮುಂದಿನದು ಬರೀ ಊರ ರಾಜಕೀಯದ ಕಥೆ ಅನಿಸುತ್ತದೆ.

1948ರ ಕರಡು ಸಂವಿಧಾನದಲ್ಲಿ ಪಂಚಾಯಿತಿಯ ಸುದ್ದಿಯೇ ಇರಲಿಲ್ಲ. ಅದೇ ವರ್ಷ ರಾಜೇಂದ್ರ ಪ್ರಸಾದ್, ಹಳ್ಳಿಯಿಂದ ಶುರು ಮಾಡಿ ಮೇಲಕ್ಕೆ ಕಟ್ಟೋಕೆ ಆಗುವುದಿಲ್ಲವೇ ಅಂತ ಸಂವಿಧಾನ ಸಲಹೆಗಾರ ಬಿ.ಎನ್. ರಾವ್ ಅವರಿಗೆ ಬರೆದಿದ್ದರು. ರಾವ್ ನಮ್ಮ ಕರಾವಳಿ ಕಡೆಯವರು. ಶಾಸನಸಭೆಗಳಿಗೆ ಜನರಿಂದಲೇ ನೇರ ಚುನಾವಣೆ ಅಂತ ಆಗಲೇ ತೀರ್ಮಾನ ಆಗಿದೆ, ಈಗ ಹಿಂದಕ್ಕೆ ಹೋಗೋದು ಕಷ್ಟ ಅನ್ನುವ ಅರ್ಥದಲ್ಲಿ ಉತ್ತರಿಸಿದರು. ನವೆಂಬರ್ 4ರಂದು ಅಂಬೇಡ್ಕರ್ ಕರಡನ್ನು ಸಭೆಯ ಮುಂದಿಟ್ಟಾಗ ಇನ್ನೂ ಖಾರವಾಗಿ ಮಾತಾಡಿದರು. ಹಳ್ಳಿ ಅಂದರೆ ಸಣ್ಣತನದ ಕೊಂಪೆ, ಅಜ್ಞಾನ ಮತ್ತು ಕೋಮುಭಾವನೆಯ ಗುಹೆ ಅಂದರು. ಕರಡು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದಿರುವುದು ತಮಗೆ ಸಂತೋಷ ಅಂತಲೂ ಹೇಳಿದರು. ಮುಂದಿನ ದಿನಗಳಲ್ಲಿ ಎಚ್.ವಿ. ಕಾಮತ್, ಎನ್.ಜಿ. ರಂಗಾ ಮುಂತಾದವರು ಈ ಮಾತಿಗೆ ತಿರುಗಿಬಿದ್ದರು. ನವೆಂಬರ್ 22ಕ್ಕೆ ಕೆ. ಸಂತಾನಂ ಒಂದು ತಿದ್ದುಪಡಿ ತಂದರು, ಅಂಬೇಡ್ಕರ್ ಹೆಚ್ಚು ಮಾತಿಲ್ಲದೆ ಒಪ್ಪಿಕೊಂಡರು. ಅದೇ ಈಗಿನ 40ನೇ ವಿಧಿ. ಪಂಚಾಯಿತಿಗಳನ್ನು ಕಟ್ಟಿ, ಅವು ಸ್ವಯಂ ಆಡಳಿತದ ಘಟಕಗಳಾಗಿ ನಡೆಯಲು ಬೇಕಾದ ಅಧಿಕಾರವನ್ನು ರಾಜ್ಯ ಕೊಡಬೇಕು ಅಂತ ಅದು ಹೇಳುತ್ತದೆ. ಆದರೆ ಇಟ್ಟದ್ದು ನಿರ್ದೇಶಕ ತತ್ವಗಳಲ್ಲಿ. ಅಂದರೆ ಕೋರ್ಟಿಗೆ ಹೋಗಿ ಕೊಡಿಸಿ ಅಂತ ಕೇಳುವಂತಿಲ್ಲ.

ಮೈಸೂರಿನಿಂದ ಹೋಗಿದ್ದ ಕೆ. ಹನುಮಂತಯ್ಯನವರಿಗೆ ಇದು ಸಾಕಾಗಲಿಲ್ಲ. ನಮಗೆ ಬೇಕಿದ್ದದ್ದು ವೀಣೆಯ ನಾದ, ಇಲ್ಲಿ ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡು ಅಂತ 1949ರ ನವೆಂಬರ್‌ನಲ್ಲಿ ಅಂದವರು ಅವರೇ. ಮುಂದೆ ಮುಖ್ಯಮಂತ್ರಿಯಾಗಿ ಬೆಂಗಳೂರಲ್ಲಿ ಅಷ್ಟು ದೊಡ್ಡ ವಿಧಾನಸೌಧ ಕಟ್ಟಿಸಿದವರೂ ಅವರೇ ಅನ್ನೋದು ಬೇರೆ ಮಾತು.

ಅಂಬೇಡ್ಕರ್ ಪಂಚಾಯಿತಿಗೆ ವಿರೋಧ ಅಂತ ಸುಮ್ನೆ ಹೇಳಿಬಿಡುತ್ತಾರೆ. ಅದು ಅರ್ಧ ಸತ್ಯ. 1932ರಲ್ಲಿ ಮುಂಬೈ ಶಾಸನಸಭೆಯಲ್ಲಿ ಗ್ರಾಮ ಪಂಚಾಯಿತಿ ಮಸೂದೆ ಬಂದಾಗ ಅವರು ಷರತ್ತು ಹಾಕಿದ್ದರು. ದಲಿತರು ಪ್ರತಿ ಹಳ್ಳಿಯಲ್ಲೂ ಅಲ್ಪಸಂಖ್ಯಾತರು, ಎಲ್ಲ ವಯಸ್ಕರಿಗೆ ಮತ ಕೊಟ್ಟರೂ ಗೆಲ್ಲುವುದಿಲ್ಲ, ಅವರಿಗೆ ಮೀಸಲು ಸ್ಥಾನ ಇಡಿ ಅಂತ. ಆ ಷರತ್ತು ಸಂವಿಧಾನದೊಳಗೆ ಬರಲು ಆರು ದಶಕ ಬೇಕಾಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಪರಿಶಿಷ್ಟರಿಗೆ ಜನಸಂಖ್ಯೆಯ ಲೆಕ್ಕದಲ್ಲಿ, ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಕೊಟ್ಟಿತು. ಕರ್ನಾಟಕ ಅದಕ್ಕೂ ಮೊದಲೇ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25 ಕೊಟ್ಟಿತ್ತು. ಈಗ ಶೇ 50. ಇಡೀ ಸಂವಿಧಾನ ಸಭೆಯಲ್ಲಿ ಇದ್ದ ದಲಿತ ಮಹಿಳೆ ಒಬ್ಬರೇ, ದಾಕ್ಷಾಯಣಿ ವೇಲಾಯುಧನ್. ಇವತ್ತು ರಾಜ್ಯದ ಸುಮಾರು 6 ಸಾವಿರ ಪಂಚಾಯಿತಿಗಳಲ್ಲಿ ಎಷ್ಟೋ ಕಡೆ ಅಧ್ಯಕ್ಷರ ಕುರ್ಚಿಯಲ್ಲಿ ದಲಿತ ಹೆಣ್ಣುಮಗಳು ಕೂತಿರುತ್ತಾರೆ. ಈ ಒಂದು ವಿಷಯದಲ್ಲಿ ಈಗಿನ ಸರ್ಕಾರ ಸಂಸ್ಥಾಪಕರನ್ನು ದಾಟಿ ಮುಂದೆ ಹೋಗಿದೆ, ಅದನ್ನು ಒಪ್ಪಲೇಬೇಕು.

ಪಂಚಾಯಿತಿ ಮತ್ತು ಅದರ ನೀರು

ನಮ್ಮ ಪ್ರಕರಣದ ಪಂಚಾಯಿತಿಯಲ್ಲಿ 17 ಸದಸ್ಯರು. 2020ರ ಡಿಸೆಂಬರ್ ಚುನಾವಣೆಯಲ್ಲಿ ಬಂದವರು. ಅಧ್ಯಕ್ಷ ಸ್ಥಾನ ಮೊದಲ 30 ತಿಂಗಳಿಗೆ ಪರಿಶಿಷ್ಟ ಜಾತಿ ಮಹಿಳೆಗೆ ಮೀಸಲಾಯಿತು. ಆ ಮೀಸಲಾತಿಯಲ್ಲಿ ಗೆದ್ದಿದ್ದವರು ಇಬ್ಬರು. ಅವರಲ್ಲಿ ಹೈಸ್ಕೂಲು ಮುಗಿಸಿದ, ಸ್ವಸಹಾಯ ಸಂಘದ ಲೆಕ್ಕ ಬರೆದು ಅಭ್ಯಾಸ ಇದ್ದ ಒಬ್ಬರನ್ನು ಅಧ್ಯಕ್ಷೆ ಮಾಡಿದರು. ಮಾಡಿದವರು ಯಾರು ಅಂದರೆ ಊರಿನ ಒಬ್ಬ ಹಿರಿಯ ಸದಸ್ಯರು. ಹಿಂದೆ ಅಧ್ಯಕ್ಷರಾಗಿದ್ದವರು, ಬಲಾಢ್ಯ ಜಾತಿಯವರು. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಅಂತ ಕಾನೂನು ಹೇಳುತ್ತದೆ. ಆದರೂ ಅಧ್ಯಕ್ಷರ ಆಯ್ಕೆಗೆ ಮುಂಚೆ ಸದಸ್ಯರನ್ನು ಒಂದು ವಾರ ಟೂರ್‌ಗೆ ಕರೆದುಕೊಂಡು ಹೋಗಿದ್ದ ಬಸ್ಸಿನ ಖರ್ಚು ಯಾರದು ಅಂತ ಎಲ್ಲರಿಗೂ ಗೊತ್ತಿತ್ತು.

ಸಮಸ್ಯೆ ನೀರಿನದು. ದೊಡ್ಡೂರಿನಲ್ಲಿ ಒಂದು ಓವರ್‌ಹೆಡ್ ಟ್ಯಾಂಕ್. ಅಲ್ಲಿಂದ ಹೊರಟ ಪೈಪು ದೇವಸ್ಥಾನದ ಬೀದಿ, ಅಂಗಡಿ ಬೀದಿ ಎಲ್ಲ ಸುತ್ತಿ ಕೊನೆಗೆ ಕಾಲೋನಿಗೆ ಬರುತ್ತದೆ. ಕಾಲೋನಿ ಅಂದರೆ ಯಾವ ಕಾಲೋನಿ ಅಂತ ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ. ನೀರುಗಂಟಿ ಬೆಳಿಗ್ಗೆ ಗೇಟ್‌ವಾಲ್ ತಿರುಗಿಸಿದರೆ ಮೇಲಿನ ಬೀದಿಯವರು ಸಂಪು ತುಂಬಿಸಿಕೊಳ್ಳುವ ಹೊತ್ತಿಗೆ ಕೆಳಗಿನ ಪೈಪಿನಲ್ಲಿ ಬರೀ ಗಾಳಿ. ಕಾಲೋನಿಗೆ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ ನೀರು. ಬೇಸಿಗೆಯಲ್ಲಿ ಅದೂ ಇಲ್ಲ. ಕಾಲೋನಿಯವರು ವಾರ್ಡ್ ಸಭೆಯಲ್ಲಿ ಕೇಳಿದ್ದು ದೊಡ್ಡದೇನಲ್ಲ. ಒಂದು ಬೇರೆ ಲೈನು, ಒಂದು ಮಿನಿ ಟ್ಯಾಂಕು. ಅದೇ ವರ್ಷದ ಕ್ರಿಯಾ ಯೋಜನೆಯಲ್ಲಿ ಬಂದದ್ದು ಅಂಗಡಿ ಬೀದಿಗೆ ಸಿಸಿ ರಸ್ತೆ, ಊರ ಮುಂದೆ ಒಂದು ಕಮಾನು.

ಆ ನಿರ್ಧಾರ ಹೇಗಾಯಿತು ಅಂತ ತಿಳಿಯಬೇಕಾದರೆ ಎರಡು ವಸ್ತು ನೋಡಬೇಕು.

ಒಂದು ನಡಾವಳಿ ಪುಸ್ತಕ. ಗ್ರಾಮ ಸಭೆಯ ಹಾಜರಾತಿ ಪುಟದಲ್ಲಿ ಸಹಿಗಳು ಸಾಲಾಗಿ ಇದ್ದವು. ಆದರೆ ಶಾಯಿ ಒಂದೇ ಅಲ್ಲ, ಒಂದೇ ದಿನದ್ದೂ ಅಲ್ಲ. ಸಭೆಗೆ ಕೋರಂ ಆಗಿರಲಿಲ್ಲ, ಆಮೇಲೆ ಬಿಲ್ ಕಲೆಕ್ಟರ್ ಮನೆಮನೆಗೆ ಹೋಗಿ ಹೆಬ್ಬೆಟ್ಟು, ಸಹಿ ತಂದಿದ್ದ. ಸದಸ್ಯರ ಸಭೆಯ ಪುಟಗಳಲ್ಲಿ ಇನ್ನೊಂದು ವಿಚಿತ್ರ. ಸಹಿ ಪುಟದ ತಳದಲ್ಲಿ ಇದೆ, ಠರಾವು ಮೇಲೆ ಅಕ್ಷರ ಇರುಕಿಸಿ ಬರೆದಿದೆ. “ಮೊದಲು ಸೈನ್ ಮಾಡಿ, ಆಮೇಲೆ ಬರ್ಕೋತೀವಿ” ಅನ್ನೋದು ಅಲ್ಲಿನ ವಾಡಿಕೆ. ಎಷ್ಟೋ ಪಂಚಾಯಿತಿಗಳ ವಾಡಿಕೆ.

ಇನ್ನೊಂದು ಡಾಂಗಲ್. ಪಂಚಾಯಿತಿಯ ದುಡ್ಡು ಈಗ ಚೆಕ್ಕಿನಲ್ಲಿ ಹೋಗುವುದು ಕಡಿಮೆ. ಇ-ಗ್ರಾಮಸ್ವರಾಜ್ ತಂತ್ರಾಂಶದಲ್ಲಿ ಅಧ್ಯಕ್ಷರದು, ಪಿಡಿಒದು (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯದು) ಎರಡು ಡಿಜಿಟಲ್ ಸಹಿ ಬಿದ್ದರೆ ಬಿಲ್ಲು ಪಾಸಾಗುತ್ತದೆ. ಆ ಸಹಿ ಇರುವುದು ಪೆನ್‌ಡ್ರೈವ್‌ನಂಥ ಒಂದು ಕೀಯಲ್ಲಿ, ಅದೇ ಡಾಂಗಲ್. ಅಧ್ಯಕ್ಷೆಯ ಕೀ ಇದ್ದದ್ದು ಕಂಪ್ಯೂಟರ್ ಆಪರೇಟರ್‌ನ ಡ್ರಾಯರ್‌ನಲ್ಲಿ, ಪಕ್ಕದಲ್ಲಿ ಸ್ಟಾಂಪ್ ಪ್ಯಾಡು, ರಬ್ಬರ್ ಬ್ಯಾಂಡು. ಮರೆಯಬಾರದು ಅಂತ ಪಿನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೀಗೇ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದರು! ತನ್ನ ಹೆಸರಿನಲ್ಲಿ ಆದ ಮೊದಲ ಬಿಲ್ಲುಗಳು ಯಾವುವು ಅಂತ ಅಧ್ಯಕ್ಷೆಗೆ ಗೊತ್ತೇ ಇರಲಿಲ್ಲ. ಅವರ ಗಂಡನಿಗೆ ಸ್ವಲ್ಪ ಗೊತ್ತಿತ್ತು. ಹಿರಿಯ ಸದಸ್ಯರಿಗೆ ಪೂರ್ತಿ ಗೊತ್ತಿತ್ತು.

ಇಲ್ಲಿಗೆ ಅಂಬೇಡ್ಕರ್ ಹೇಳಿದ್ದೇ ಸರಿ ಅಂತ ಪುಸ್ತಕ ಮುಚ್ಚಬಹುದಿತ್ತು. ಬಲಾಢ್ಯರು ಹಿಡಿದುಕೊಂಡರು, ಕಾಲೋನಿ ಒಣಗಿತು, ಅಷ್ಟೇ ಅಲ್ವಾ? ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲು ಅಧ್ಯಕ್ಷೆ ಕೇಳಿಕೊಂಡರು. ಹಿರಿಯರ ಮನೆಗೇ ಹೋಗಿ, ಅಣ್ಣಾ ಈ ಸಲ ಕಾಲೋನಿಗೆ ಲೈನ್ ಹಾಕಿಸಿಕೊಡಿ ಅಂದರು. ಮುಂದಿನ ವರ್ಷ ನೋಡೋಣ ಬಿಡಮ್ಮ ಅಂತ ಉತ್ತರ ಬಂತು. ಅಧ್ಯಕ್ಷೆಯೇ ಹೋಗಿ ಕೇಳಿಕೊಳ್ಳುವುದು, ಸದಸ್ಯರು ಮಂಜೂರು ಮಾಡುವುದು! ಇದು ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ.

ಆಮೇಲೆ ಗಂಡನ ಕೈಲಿ ಶಾಸಕರ ಕಡೆಯವರಿಗೆ ಹೇಳಿಸಿದರು. ಶಾಸಕರ ಕಡೆಯವರೂ ಹಿರಿಯ ಸದಸ್ಯರೂ ಒಂದೇ ಕಡೆಯವರು. ಅದೂ ಮುಗಿಯಿತು.

ತಿರುವು ಬಂದದ್ದು ಪಿಡಿಒ ಬದಲಾದಾಗ. ಹೊಸದಾಗಿ ಬಂದವರು ನೌಕರಿಗೆ ಸೇರಿ ಜಾಸ್ತಿ ವರ್ಷ ಆಗದ ಹೆಣ್ಣುಮಗಳು. ಅವರು ಕ್ರಾಂತಿಯೇನೂ ಮಾಡಲಿಲ್ಲ. ಅವರಿಗಿದ್ದ ಭಯವೇ ಇಲ್ಲಿ ಕೆಲಸ ಮಾಡಿತು. ನಾಳೆ ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಹೋಗುವುದು ಪಿಡಿಒ ನೌಕರಿ, ಸದಸ್ಯರದ್ದಲ್ಲ. ಹಾಗಾಗಿ ಬಂದ ಕೂಡಲೇ ಅಧ್ಯಕ್ಷರ ಡಾಂಗಲ್ ಅಧ್ಯಕ್ಷರ ಹತ್ತಿರವೇ ಇರಲಿ, ಪಿನ್ ಬದಲಿಸಿ ಅಂತ ನೋಟಿಸ್ ಬರೆದುಕೊಟ್ಟರು. ಅಧ್ಯಕ್ಷೆ ಅದನ್ನು ಮನೆಗೆ ಒಯ್ದರು. ಗಂಡ ಕೇಳಿದರೂ ಪಿನ್ ಹೇಳಲಿಲ್ಲ. ಮನೆಯಲ್ಲಿ ಎರಡು ದಿನ ಮಾತುಕತೆ ಇರಲಿಲ್ಲವಂತೆ. ಇಡೀ ಪ್ರಕರಣದಲ್ಲಿ ಅತಿ ದೊಡ್ಡ ತೀರ್ಮಾನ ಯಾವುದು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಆ ದಿನದವರೆಗೆ ಅವರು ಕುರ್ಚಿಯಲ್ಲಿ ಕೂತವರು. ಅವತ್ತಿನಿಂದ ಅವರಿಲ್ಲದೆ ಒಂದು ಬಿಲ್ಲೂ ಹೋಗಲಿಲ್ಲ.

ಮುಂದಿನದು ಗ್ರಾಮ ಸಭೆ. ಈ ಸಲ ಅಧ್ಯಕ್ಷೆ ತಮ್ಮ ಹಳೆಯ ಬಲ ಬಳಸಿದರು, ಅಂದರೆ ಸಂಘದ ಹೆಂಗಸರು. ಕಾಲೋನಿಯ ಸಂಘ ಮಾತ್ರ ಬಂದಿದ್ದರೆ ಗಲಾಟೆ ಮಾಡೋಕೆ ಬಂದಿದ್ದಾರೆ ಅಂತ ಹಾಜರಾತಿ ಪುಸ್ತಕ ಮುಚ್ಚಿಬಿಡುತ್ತಿದ್ದರು. ಆದರೆ ಆ ಪೈಪಿನ ಬಾಲದಲ್ಲಿ ಕಾಲೋನಿ ಒಂದೇ ಇರಲಿಲ್ಲ. ಅದರ ಪಕ್ಕದ ಹೊಸ ಬಡಾವಣೆಯಲ್ಲಿ ಬಲಾಢ್ಯ ಜಾತಿಯ ಬಡ ಮನೆಗಳೂ ಇದ್ದವು. ಅವರಿಗೂ ನೀರಿಲ್ಲ. ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಎರಡೂ ಕಡೆಯ ಹೆಂಗಸರು ಪ್ರತಿ ತಿಂಗಳು ಸಾಲದ ಲೆಕ್ಕಕ್ಕೆ ಒಟ್ಟಿಗೆ ಕೂರುತ್ತಿದ್ದರು. ಅಲ್ಲಿ ಮಾತಾಯಿತು. ಗ್ರಾಮ ಸಭೆಯ ದಿನ ಖಾಲಿ ಕೊಡ ಹಿಡಿದು ಬರುವುದು ಬೇಡ, ಪೇಪರಿನವರು ಫೋಟೊ ತೆಗೆದು ಹೋಗುತ್ತಾರೆ, ಅಷ್ಟೇ, ಅದರ ಬದಲು ನಡಾವಳಿ ಪುಸ್ತಕದ ಪಕ್ಕ ಕೂರೋಣ ಅಂತ ತೀರ್ಮಾನ ಮಾಡಿದರು. ಇದು ಅವರದೇ ಯೋಚನೆ, ಯಾವ ತರಬೇತಿಯಲ್ಲೂ ನಾವು ಹೇಳಿಕೊಟ್ಟಿದ್ದಲ್ಲ.

ಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ, ಶಾಮಿಯಾನ ಹಾಕಿ. ಹಿರಿಯರು ಎಂದಿನಂತೆ ಮೈಕು ಹಿಡಿದು ಸರ್ಕಾರದ ಯೋಜನೆಗಳ ಪಟ್ಟಿ ಓದಿದರು. ಫಲಾನುಭವಿಗಳ ಆಯ್ಕೆ ಅಂತ ಬಂದಾಗ ಎಲ್ಲರೂ ಎದ್ದು ನಿಂತು ಕೂಗಿದರು. ಗ್ರಾಮ ಸಭೆಗೆ ಜನ ಬರುವುದೇ ಮನೆ, ಕುರಿ, ಟೈಲರಿಂಗ್ ಮಷಿನ್ನು ಸಿಗುತ್ತದೆ ಅಂತ. ಗಾಂಧೀಜಿ ಕಂಡ ಗ್ರಾಮ ಗಣರಾಜ್ಯ ಇದೇನಾ ಅಂತ ನಗು ಬರುತ್ತದೆ. ಆದರೆ ನೀರಿನ ವಿಷಯ ಬಂದಾಗ ಚಿತ್ರ ಬದಲಾಯಿತು. ಒಬ್ಬಾಕೆ ಎದ್ದು, ಗೇಟ್‌ವಾಲ್ ಎಷ್ಟೊತ್ತಿಗೆ ತಿರುಗಿಸುತ್ತೀಯಪ್ಪಾ ಅಂತ ನೀರುಗಂಟಿಯನ್ನೇ ಕೇಳಿದಳು. ಅವನು ತಲೆ ತಗ್ಗಿಸಿ ಹೊತ್ತು ಹೇಳಿದ. ಎಷ್ಟೊತ್ತು ಮೇಲಿನ ಬೀದಿಗೆ? ಅದನ್ನೂ ಹೇಳಿದ. ಯಾರು ಹಾಗೆ ಮಾಡು ಅಂದದ್ದು? ಅದಕ್ಕೆ ಅವನು ಉತ್ತರಿಸಲಿಲ್ಲ, ಎಲ್ಲರೂ ಹಿರಿಯರ ಕಡೆ ನೋಡಿದರು. “ನೀ ಸುಮ್ನೆ ಕೂತ್ಕೋ ತಾಯಿ” ಅಂತ ಒಬ್ಬರು ಕೂಗಿದರು. ಬಡಾವಣೆಯ ಹೆಂಗಸು, ಅದೇ ಜಾತಿಯವಳು, “ಅವ್ಳು ಕೂತ್ಕೊಂಡ್ರೆ ನಾನು ಕೇಳ್ತೀನಿ, ನಂಗೂ ನೀರಿಲ್ಲ” ಅಂದಳು. ಠರಾವು ಅಲ್ಲೇ, ಎಲ್ಲರ ಮುಂದೆ, ಮೇಲಿನಿಂದ ಕೆಳಗೆ ಬರೆಯಲಾಯಿತು. ಬರೆದದ್ದನ್ನು ಪಿಡಿಒ ಗಟ್ಟಿಯಾಗಿ ಓದಿದ ಮೇಲೆ ಸಹಿ.

ಆ ಒಂದು ಗಂಟೆಯಲ್ಲಿ 1948ರ ಎರಡೂ ಕಡೆಯವರಿಗೆ ಸಾಕ್ಷಿ ಸಿಕ್ಕಿತು ಅಂತ ನನಗನಿಸಿತು. ಜಾತಿ ಅಲ್ಲಿತ್ತು. ಜಾತಿಯನ್ನು ದಾಟಿ ಮಾತಾಡುವ ಜಾಗವೂ ಅಲ್ಲೇ ಇತ್ತು.

ಯಾರೂ ಊಹಿಸದ ಗೋಡೆ

ಠರಾವು ಆಯಿತು. ದುಡ್ಡು?

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಆಗ ಶೇ 60 ಟೈಡ್, ಶೇ 40 ಅನ್‌ಟೈಡ್ ಇತ್ತು. ಟೈಡ್ ಅಂದರೆ ಯಾವುದಕ್ಕೆ ಖರ್ಚು ಮಾಡಬೇಕು ಅಂತ ಮೇಲಿನಿಂದಲೇ ಕಟ್ಟಿ ಕಳಿಸಿದ್ದು, ಅರ್ಧ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ನೀರಿನ ಭಾಗ ಇದೆಯಲ್ಲ, ಹಾಕಿಬಿಡಿ ಅಂತ ಎಲ್ಲರಿಗೂ ಅನಿಸಿತು. ಎಂಜಿನಿಯರ್ ಬಂದು ನೋಡಿದರು, ಅಂದಾಜು ಪಟ್ಟಿ ಮಾಡಲಿಲ್ಲ. ಈ ಊರು ಜಲ ಜೀವನ್ ಮಿಷನ್ (ಜೆಜೆಎಂ) ಪಟ್ಟಿಯಲ್ಲಿದೆ, ಮನೆಮನೆಗೆ ನಲ್ಲಿ ಬರುತ್ತದೆ, ಅದೇ ಜಾಗಕ್ಕೆ ಎರಡು ಕಡೆಯಿಂದ ದುಡ್ಡು ಹಾಕಿದರೆ ಡಬಲ್ ಆಗುತ್ತದೆ, ತಾಂತ್ರಿಕ ಮಂಜೂರಾತಿ ಸಿಗಲ್ಲ ಅಂದರು. ಜೆಜೆಎಂ ಯಾವಾಗ ಬರುತ್ತದೆ? ಟೆಂಡರ್ ಆಗಬೇಕು. ಟೆಂಡರ್ ಯಾರು ಕರೆಯುತ್ತಾರೆ? ಮೇಲಿನವರು. ಕಾಗದದ ಮೇಲೆ ಆ ಯೋಜನೆಯನ್ನೂ ಊರಿನ ನೀರು ಸಮಿತಿಯೇ ರೂಪಿಸಬೇಕು. ಈ ಊರಿನ ಸಮಿತಿಗೆ ತಾನು ಇದ್ದೇನೆ ಅಂತಲೇ ಗೊತ್ತಿರಲಿಲ್ಲ.

ಗಾಂಧಿ ಪಂಥದವರು ಹಳ್ಳಿಯನ್ನು ನಂಬಿದರು, ಅಂಬೇಡ್ಕರ್ ಅನುಮಾನಿಸಿದರು. ನಂಬಿದರೂ ಅನುಮಾನಿಸಿದರೂ ಒಂದು ವಿಷಯ ಇಬ್ಬರಿಗೂ ಖಚಿತ ಇತ್ತು: ಪಂಚಾಯಿತಿಗೆ ಅಧಿಕಾರ ಕೊಟ್ಟರೆ ಊರಿನವರು ಅದನ್ನು ಚಲಾಯಿಸುತ್ತಾರೆ. ಒಳ್ಳೆಯದಕ್ಕೋ ಕೆಟ್ಟದಕ್ಕೋ, ಅದು ಬೇರೆ. ಊರಿನವರು ಬಡಿದಾಡಿ, ಒಪ್ಪಿ, ನ್ಯಾಯವಾದ ತೀರ್ಮಾನ ಮಾಡಿದ ಮೇಲೂ ಅದನ್ನು ಜಾರಿಗೆ ತರಲು ಊರಿನ ಕೈಯಲ್ಲಿ ಏನೂ ಇರುವುದಿಲ್ಲ ಅನ್ನುವ ಸ್ಥಿತಿ ಆ ಚರ್ಚೆಯ ಲೆಕ್ಕದಲ್ಲಿ ಇರಲಿಲ್ಲ. 73ನೇ ತಿದ್ದುಪಡಿ 29 ವಿಷಯಗಳ ಪಟ್ಟಿಯನ್ನೇ ಕೊಟ್ಟಿದೆ, ಕುಡಿಯುವ ನೀರೂ ಅದರಲ್ಲಿದೆ. ಆದರೆ ಎಷ್ಟನ್ನು, ಹೇಗೆ ಕೊಡಬೇಕು ಅನ್ನುವುದನ್ನು ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ರಾಜ್ಯ ಕೊಟ್ಟದ್ದು ಕೆಲಸದ ಪಟ್ಟಿ. ದುಡ್ಡು, ನೌಕರರು, ಎಂಜಿನಿಯರ್‌ನ ಸಹಿ ಎಲ್ಲ ಬೇರೆ ಇಲಾಖೆಗಳ ಕೈಯಲ್ಲೇ ಉಳಿಯಿತು. ಮನೆ ಯಜಮಾನಿಕೆ ಕೊಟ್ಟು ಉಗ್ರಾಣದ ಬೀಗದ ಕೈ ಸೊಂಟಕ್ಕೇ ಸಿಕ್ಕಿಸಿಕೊಂಡ ಅತ್ತೆಯ ಹಾಗೆ.

ಬಾಕಿ ತೆರಿಗೆ, ಅವಿಶ್ವಾಸ

ದಾರಿ ತೋರಿಸಿದ್ದು ಮತ್ತೆ ಪಿಡಿಒ. ಪಂಚಾಯಿತಿಗೆ ಸ್ವಂತ ಆದಾಯ ಇದೆಯಲ್ಲ, ಅದಕ್ಕೆ ಟೈಡ್ ಇಲ್ಲ, ಪೋರ್ಟಲ್ ಇಲ್ಲ. ಮೇಲಾಗಿ ಸ್ವಂತ ಆದಾಯದಲ್ಲಿ ಶೇ 25 ಪರಿಶಿಷ್ಟರಿಗೇ ಖರ್ಚಾಗಬೇಕು ಅಂತ ನಿಯಮ. ಹೆದ್ದಾರಿ ಪಕ್ಕ ಒಂದು ಪೆಟ್ರೋಲ್ ಬಂಕ್, ಒಂದು ಕಲ್ಯಾಣ ಮಂಟಪ, ಎರಡು ಮೊಬೈಲ್ ಟವರ್ ಇದ್ದವು. ವರ್ಷಗಟ್ಟಲೆ ಕಂದಾಯ ಕಟ್ಟಿರಲಿಲ್ಲ. ಕಲ್ಯಾಣ ಮಂಟಪ ಹಿರಿಯ ಸದಸ್ಯರ ಭಾವಮೈದುನನದು.

ಅಧ್ಯಕ್ಷೆ ಎಲ್ಲ ನಾಲ್ಕಕ್ಕೂ ಒಂದೇ ದಿನ ನೋಟಿಸ್ ಕೊಡಿಸಿದರು. ಟವರ್‌ನವರು, ಬಂಕ್‌ನವರು ಸ್ವಲ್ಪ ಎಳೆದಾಡಿ ಕಟ್ಟಿದರು. ಮಂಟಪದವರು ಕಟ್ಟಲಿಲ್ಲ. ಅದರ ಬದಲು ಅವಿಶ್ವಾಸ ಬಂತು. ಆರಂಭದ ತಿಂಗಳುಗಳಲ್ಲಿ ಅವಿಶ್ವಾಸ ತರುವಂತಿಲ್ಲ ಅನ್ನುವ ನಿಯಮದ ಗಡುವು ಆಗಷ್ಟೇ ಮುಗಿದಿತ್ತು. ಉಪವಿಭಾಗಾಧಿಕಾರಿಗೆ ಅರ್ಜಿ ಹೋಯಿತು. ಮೀಸಲಾತಿಯಲ್ಲಿ ಗೆದ್ದಿದ್ದ ಇನ್ನೊಬ್ಬ ಮಹಿಳೆಯನ್ನು ಮುಂದಿನ ಅಧ್ಯಕ್ಷೆ ಅಂತ ನಿಲ್ಲಿಸಿದರು. ಅಂಬೇಡ್ಕರ್ 1932ರಲ್ಲಿ ಕೇಳಿದ್ದ ರಕ್ಷಣೆಯನ್ನೇ ಹಿಡಿದು ಆಟ ಆಡುವುದು ಎಷ್ಟು ಸುಲಭ ನೋಡಿ. ಕುರ್ಚಿ ದಲಿತ ಮಹಿಳೆಗೆ ಅಂತ ಕಾನೂನು ಹೇಳಬಲ್ಲದು, ಯಾವ ದಲಿತ ಮಹಿಳೆಗೆ ಅನ್ನುವುದನ್ನು ಉಳಿದವರ ಮತವೇ ನಿರ್ಧರಿಸುತ್ತದೆ.

17ರಲ್ಲಿ ಮೂರನೇ ಎರಡು ಅಂದರೆ 12 ಮತ ಬೇಕು. ಮತ್ತೆ ಟೂರ್. ಈ ಸಲ ಬಸ್ಸು ಹತ್ತಲು ಇಬ್ಬರು ಒಪ್ಪಲಿಲ್ಲ. ಅವರಲ್ಲಿ ಒಬ್ಬರು ಹೊಸ ಬಡಾವಣೆಯ ವಾರ್ಡಿನ ಸದಸ್ಯೆ, ಹಿರಿಯರ ಜಾತಿಯವರೇ, ದೂರದ ನೆಂಟರು ಕೂಡ. ಅವರ ಮೇಲೆ ಮನೆಯವರ ಒತ್ತಡ ಜೋರಾಗಿಯೇ ಇತ್ತು. ಆದರೆ ವಾರ್ಡಿನ ಹೆಂಗಸರು ದಿನಾ ಬಾಗಿಲಿಗೆ ಬಂದು ಕೂರುತ್ತಿದ್ದರು. ಸಭೆಯ ದಿನ ಅವಿಶ್ವಾಸದ ಪರ ಬಿದ್ದದ್ದು 11. ಒಂದು ಮತದಲ್ಲಿ ಅಧ್ಯಕ್ಷೆಯ ಕುರ್ಚಿ ಉಳಿಯಿತು.

ಅಧ್ಯಕ್ಷೆಯನ್ನು ಉಳಿಸಿದ್ದು ಏನು? ಮೂರನೇ ಎರಡು ಬೇಕು ಅನ್ನುವ ನಿಯಮ, ಸರಿ. ಆದರೆ ಬರೀ ನಿಯಮ ಇದ್ದಿದ್ದರೆ 12ನೆಯವರು ಸಿಕ್ಕೇ ಸಿಗುತ್ತಿದ್ದರು. ನೀರಿನ ಸಂಕಟ ಎರಡು ಜಾತಿಯ ಹೆಂಗಸರನ್ನು ಒಂದು ಚಾಪೆ ಮೇಲೆ ಕೂರಿಸಿತ್ತು ಅನ್ನುವುದು ನಿಯಮಕ್ಕೆ ಬಲ ಕೊಟ್ಟಿತು. ಸಾಂವಿಧಾನಿಕ ನೈತಿಕತೆ ತಾನಾಗಿ ಬರುವಂಥದ್ದಲ್ಲ, ಬೆಳೆಸಬೇಕು ಅಂತ ಅಂಬೇಡ್ಕರ್ ಅದೇ ನವೆಂಬರ್ 4ರ ಭಾಷಣದಲ್ಲಿ ಹೇಳಿದ್ದರು. ಎಲ್ಲಿ ಬೆಳೆಸಬೇಕು ಅಂತ ಕೇಳಿದರೆ ಅವರು ಹಳ್ಳಿಯನ್ನು ತೋರಿಸುತ್ತಿರಲಿಲ್ಲವೇನೋ. ನಾನು ಅದನ್ನು ನೋಡಿದ್ದು ಹಳ್ಳಿಯಲ್ಲಿ, ಅದೂ ಸಾಲದ ಕಂತು ಕಟ್ಟುವ ಸಂಘದಲ್ಲಿ.

ಆದದ್ದು, ಆಗದೇ ಉಳಿದದ್ದು

ವಸೂಲಾದ ಕಂದಾಯದಲ್ಲಿ ಕಾಲೋನಿಗೆ ಮಿನಿ ಟ್ಯಾಂಕ್ ಬಂತು. ಹಳೆಯ ಒಂದು ಬೋರ್‌ವೆಲ್‌ಗೆ ಹೊಸ ಮೋಟಾರ್ ಇಳಿಸಿದರು. ಲೈನು ಬಡಾವಣೆಯವರೆಗೂ ಹೋಯಿತು. ಪರಿಶಿಷ್ಟರ ಶೇ 25ರ ದುಡ್ಡನ್ನು ಬಡಾವಣೆಗೆ ಬಳಸುವಂತಿಲ್ಲ ಅಂತ ಆ ಭಾಗದ ಪೈಪಿಗೆ ಬೇರೆ ಲೆಕ್ಕದಿಂದ ಕೊಟ್ಟರು. ಪಿಡಿಒ ಇದರಲ್ಲಿ ಒಂದು ಪೈಸೆ ಆಚೀಚೆ ಬಿಡಲಿಲ್ಲ. ಗೇಟ್‌ವಾಲ್ ತಿರುಗಿಸುವ ವೇಳಾಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಬರೆಸಿದರು. ಇದಕ್ಕೆ ಸುಣ್ಣಬಣ್ಣದ ಖರ್ಚು ಬಿಟ್ಟರೆ ಏನೂ ಆಗಲಿಲ್ಲ. ನನ್ನ ಪ್ರಕಾರ ಟ್ಯಾಂಕಿಗಿಂತ ಇದೇ ದೊಡ್ಡ ಕೆಲಸ.

ಜೆಜೆಎಂ ಕೊನೆಗೂ ಬಂತು. ಅಂಗಡಿ ಬೀದಿಯ ಹೊಸ ಸಿಸಿ ರಸ್ತೆಯನ್ನು ಅಗೆದು ಪೈಪು ಹಾಕಿದರು, ಮನೆ ಮುಂದೆ ನಲ್ಲಿ ನಿಲ್ಲಿಸಿದರು, ನಲ್ಲಿ ಜೊತೆ ಫೋಟೊ ತೆಗೆದುಕೊಂಡು ಹೋದರು. ನೀರಿನ ಮೂಲ ಮಾತ್ರ ಹಳೆಯ ಟ್ಯಾಂಕೇ. ಕಿತ್ತ ರಸ್ತೆ ಸರಿ ಮಾಡಿಕೊಡಿ ಅಂತ ಪಂಚಾಯಿತಿ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆ ಗುತ್ತಿಗೆದಾರನ ಬಿಲ್ಲಿಗೆ ಅಧ್ಯಕ್ಷೆಯ ಡಾಂಗಲ್ ಬೇಕಿರಲಿಲ್ಲವಲ್ಲ. ಹಿರಿಯ ಸದಸ್ಯರು ಮತ್ತು ಅಧ್ಯಕ್ಷೆ ಮೊದಲ ಬಾರಿಗೆ ಒಂದೇ ಪತ್ರಕ್ಕೆ ಸಹಿ ಹಾಕಿದ್ದು ಈ ವಿಷಯಕ್ಕೆ.

30 ತಿಂಗಳು ಮುಗಿದು ಅಧ್ಯಕ್ಷ ಸ್ಥಾನ ಬೇರೆ ವರ್ಗಕ್ಕೆ ಹೋಯಿತು. ಮುಂದಿನ ಬೇಸಿಗೆಯಲ್ಲಿ ಮಿನಿ ಟ್ಯಾಂಕಿನ ಮೋಟಾರ್ ಸುಟ್ಟಾಗ ರಿಪೇರಿ ವಾರಗಟ್ಟಲೆ ಎಳೆಯಿತು. ಎರಡೂವರೆ ವರ್ಷಕ್ಕೊಮ್ಮೆ ಕುರ್ಚಿ ತಿರುಗಿದರೆ ಎಲ್ಲ ವರ್ಗಕ್ಕೂ ಅವಕಾಶ ಸಿಗುತ್ತದೆ, ನಿಜ. ಡಾಂಗಲ್ ಯಾಕೆ ತನ್ನ ಹತ್ತಿರ ಇರಬೇಕು ಅಂತ ಒಬ್ಬ ಅಧ್ಯಕ್ಷೆ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಅವಧಿ ಅರ್ಧ ಮುಗಿದಿರುತ್ತದೆ, ಅದೂ ನಿಜ. ಇವೆರಡರಲ್ಲಿ ಯಾವುದನ್ನು ಬಿಡಬೇಕು ಅಂದರೆ ನಾನು ಅವಧಿಯನ್ನು ಐದು ವರ್ಷ ಮಾಡಿ ಅಂತಲೇ ಹೇಳುತ್ತೇನೆ. ತರಬೇತಿಗೆ ಬರುವ ಸದಸ್ಯರಲ್ಲಿ ಇದನ್ನು ಒಪ್ಪದವರೇ ಜಾಸ್ತಿ.

ಬೇರೆ ಪಂಚಾಯಿತಿಯವರು ಈ ಪ್ರಕರಣ ಕೇಳಿದಾಗ ಸಾಮಾನ್ಯವಾಗಿ ಕೇಳುವುದು, ನಮಗೂ ಅಂಥ ಪಿಡಿಒ ಎಲ್ಲಿ ಸಿಗಬೇಕು ಅಂತ. ಪಿಡಿಒ ಮಾಡಿದ್ದು ಎರಡೇ: ಡಾಂಗಲ್ ವಾಪಸ್ ಕೊಡಿಸಿದ್ದು, ಬಾಕಿ ಪಟ್ಟಿ ತೆಗೆದದ್ದು. ಬಾಕಿ ಪಟ್ಟಿಯನ್ನು ಯಾವ ಸದಸ್ಯರೂ ಕೇಳಿ ಪಡೆಯಬಹುದು. ಜಮಾಬಂದಿ ದಿನ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕವನ್ನು ಊರ ಮುಂದೆ ತಪಾಸಣೆ ಮಾಡುವ ದಿನ, ಊರಿನ ಯಾರೇ ಆದರೂ ಹೋಗಿ ಲೆಕ್ಕ ಕೇಳಬಹುದು. ಮೊದಲು ಸ್ವಂತ ಆದಾಯ ನೋಡಿ, ಆಮೇಲೆ ಅನುದಾನಕ್ಕೆ ಬಡಿದಾಡಿ ಅಂತ ನಾನು ಈಗ ಪಾಠದ ಮೊದಲ ಗಂಟೆಯಲ್ಲೇ ಹೇಳುತ್ತೇನೆ. ಬಡ ಪಂಚಾಯಿತಿಗೆ ಇದು ಒಗ್ಗುವುದಿಲ್ಲ. ಹೆದ್ದಾರಿ ಇಲ್ಲದ, ಟವರ್ ಇಲ್ಲದ ಊರಿನಲ್ಲಿ ಯಾರಿಗೆ ನೋಟಿಸ್ ಕೊಡುತ್ತೀರಿ? ಅಲ್ಲಿ ಮೇಲಿನವರು ಕಟ್ಟು ಬಿಚ್ಚಿದ ದುಡ್ಡು ಕೊಡದೆ ಬೇರೆ ದಾರಿ ಇಲ್ಲ.

ಇನ್ನೊಂದು ವಿಷಯ, ಇದು ಊರಿನ ಆಚೆಯದು. ಕಿತ್ತ ರಸ್ತೆಯ ಬಗ್ಗೆ, ಎಂಜಿನಿಯರ್ ಅಂದಾಜು ಮಾಡದ ಬಗ್ಗೆ ಅಧ್ಯಕ್ಷೆ ದೂರು ಹಿಡಿದು ಜಿಲ್ಲಾ ಪಂಚಾಯಿತಿಗೆ ಹೋದರು. ಅಲ್ಲಿ ಅವರ ಕ್ಷೇತ್ರದ ಸದಸ್ಯರೇ ಇರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದಿತ್ತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಳು ಹೋದವು, ಚುನಾವಣೆ ಆಗಲಿಲ್ಲ. ಸರ್ಕಾರ ಬದಲಾದರೂ ಈ ವಿಷಯದಲ್ಲಿ ಏನೂ ಬದಲಾಗಲಿಲ್ಲ. 40ನೇ ವಿಧಿ ನಿರ್ದೇಶಕ ತತ್ವ, ಕೋರ್ಟಿಗೆ ಹೋಗುವಂತಿಲ್ಲ ಅಂತ 1949ರಲ್ಲಿ ಬೇಸರ ಪಟ್ಟವರಿದ್ದರು. 243ಇ ಹಾಗಲ್ಲ, ಪಾಲಿಸಲೇಬೇಕಾದ ವಿಧಿ, ಕೋರ್ಟಿಗೂ ಹೋಗಬಹುದು. ಆದರೂ ಇಷ್ಟು ವರ್ಷ ಸುಮ್ನೆ ಎಳೆಯಬಹುದು ಅಂತ ತೋರಿಸಿಕೊಟ್ಟಿದ್ದೇವೆ. ಅಧ್ಯಕ್ಷೆಯ ದೂರನ್ನು ಗುಮಾಸ್ತರು ತೆಗೆದುಕೊಂಡು ಸ್ವೀಕೃತಿ ಸೀಲು ಹಾಕಿಕೊಟ್ಟರು. ಕಡತ ಆಡಳಿತಾಧಿಕಾರಿಯ ಟೇಬಲ್ಲಿಗೆ ಹೋಯಿತು. ರಸ್ತೆಯನ್ನು ಕೊನೆಗೆ ಪಂಚಾಯಿತಿಯೇ ತನ್ನ ಅನ್‌ಟೈಡ್ ದುಡ್ಡಿನಲ್ಲಿ ಮುಚ್ಚಿಸಿತು.